ವ್ಯಾನ್ ಚಾಲಕನ ಬಗ್ಗೆ ಮಗು ಹೇಳಿದ ಮಾತು: ಶಿಕ್ಷಕಿ ಅದೇ ದಿನ ಮಾಡಬೇಕಾದ್ದೇನು?

ಪ್ರಶ್ನೆ: ಖಾಸಗಿ ಪ್ರಾಥಮಿಕ ಶಾಲೆಯೊಂದರಲ್ಲಿ ಮೂರನೇ ತರಗತಿಗೆ ಪಾಠ ಮಾಡುತ್ತೇನೆ. ಇವತ್ತು ಊಟದ ಬಿಡುವಿನಲ್ಲಿ ಒಬ್ಬ ಹುಡುಗಿ ಬಂದು, ಶಾಲಾ ವ್ಯಾನಿನ ಚಾಲಕ ತನ್ನನ್ನು ಮುಂದೆ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾನೆ, ತನಗೆ ಅದು ಬೇಡ, ಹೇಳಿದರೆ ಬೈಯುತ್ತಾನೆ ಎಂದಳು. "ಯಾರಿಗೂ ಹೇಳಬೇಡಿ ಮಿಸ್" ಅಂದಳು, ನಾನೂ ಆಯಿತು ಅಂದುಬಿಟ್ಟೆ. ಮುಖ್ಯ ಶಿಕ್ಷಕರು, "ಮೊದಲು ಚಾಲಕನನ್ನು ಕರೆಸಿ ವಿಚಾರಿಸೋಣ, ನಿಜ ಅಂತ ಗೊತ್ತಾದ ಮೇಲೆ ಮುಂದಿನದು, ಶಾಲೆಯ ಹೆಸರೂ ನೋಡಬೇಕಲ್ಲ" ಎನ್ನುತ್ತಿದ್ದಾರೆ. ನಾನೇನು ಮಾಡಲಿ? ಇಂಥದ್ದು ಆಗದಂತೆ ಶಾಲೆಯಲ್ಲಿ ಏನೇನು ಇರಬೇಕು?

ಉತ್ತರ: ಮೊದಲು ಇವತ್ತಿನ ಸಂಜೆಯ ವಿಚಾರ ಮುಗಿಸೋಣ, ಕಾನೂನು ಆಮೇಲೆ. ಆ ಮಗು ಇವತ್ತು ಆ ವ್ಯಾನ್ ಹತ್ತಬಾರದು. ಹಾಗಂತ ಅವಳೊಬ್ಬಳನ್ನೇ ಉಳಿಸಿಕೊಂಡು ಉಳಿದವರನ್ನು ಅದೇ ವ್ಯಾನಿನಲ್ಲಿ ಕಳಿಸಿದರೆ ಎರಡು ತಪ್ಪು ಒಟ್ಟಿಗೆ ಆಗುತ್ತವೆ: ಮುಂದಿನ ಸೀಟಿಗೆ ಇನ್ನೊಂದು ಮಗು ಬರುತ್ತದೆ, ಹೇಳಿದ್ದು ಯಾರೆಂಬುದು ಚಾಲಕನಿಗೆ ಆಗಲೇ ಗೊತ್ತಾಗುತ್ತದೆ. ಇಡೀ ವ್ಯಾನಿಗೇ ಬದಲಿ ವ್ಯವಸ್ಥೆ ಆಗಬೇಕು. ಬೇರೆ ಚಾಲಕ, ಇಲ್ಲವೇ ಪೋಷಕರೇ ಬಂದು ಕರೆದುಕೊಂಡು ಹೋಗುವುದು. "ಇವತ್ತು ವ್ಯಾನ್ ಇರುವುದಿಲ್ಲ" ಎಂಬ ಒಂದೇ ಸಾಲಿನ ಸಂದೇಶ ಸಾಕು, ಕಾರಣ ಬರೆಯಬೇಡಿ.

ಚಾಲಕನನ್ನು ಕರೆಸಿ ವಿಚಾರಿಸುವುದು ಮಾತ್ರ ಬೇಡವೇ ಬೇಡ. ಯೋಚಿಸಿ ನೋಡಿ, ಅವನು ಏನು ಹೇಳುತ್ತಾನೆ? ತಪ್ಪು ಮಾಡಿದವನೂ ಇಲ್ಲ ಅನ್ನುತ್ತಾನೆ, ಮಾಡದವನೂ ಇಲ್ಲ ಅನ್ನುತ್ತಾನೆ. ಅದರಿಂದ ಮುಖ್ಯ ಶಿಕ್ಷಕರಿಗೆ ಹೊಸದೇನೂ ತಿಳಿಯುವುದಿಲ್ಲ. ಚಾಲಕನಿಗೆ ಮಾತ್ರ ಎಲ್ಲವೂ ತಿಳಿದುಬಿಡುತ್ತದೆ. ಮೊಬೈಲಿನಲ್ಲಿ ಏನಾದರೂ ಇದ್ದರೆ ಅಳಿಸುತ್ತಾನೆ, ಮಗುವಿನ ಮನೆಯವರನ್ನು ಹುಡುಕಿಕೊಂಡು ಹೋಗುತ್ತಾನೆ, ಇಲ್ಲವೇ ಊರು ಬಿಡುತ್ತಾನೆ. ಒಳ್ಳೆಯ ಉದ್ದೇಶದಿಂದಲೇ ಶಾಲೆಗಳು ನಡೆಸುವ ಈ "ಒಳಗಿನ ವಿಚಾರಣೆ"ಯಲ್ಲೇ ಎಷ್ಟೋ ಪ್ರಕರಣಗಳು ಕೆಡುತ್ತವೆ. ಮಗುವಿನ ಮಾತು ಕೇಳುವುದು, ಬರೆದಿಡುವುದು, ಮುಟ್ಟಿಸುವುದು, ಮಗುವನ್ನು ಕಾಪಾಡುವುದು ಶಾಲೆಯ ಕೆಲಸ. ನಿಜವೋ ಸುಳ್ಳೋ ತೀರ್ಮಾನಿಸುವುದು ಶಾಲೆಯದ್ದಲ್ಲ.

ಇದು ನಮ್ಮ ಅಭಿಪ್ರಾಯ ಮಾತ್ರವಲ್ಲ, ಕಾನೂನೇ ಹಾಗಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡಲು 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ, ಅಪರಾಧ ನಡೆದಿದೆ ಎಂದು ತಿಳಿದವರು ಮಾತ್ರವಲ್ಲ, ನಡೆಯಬಹುದು ಎಂಬ ಆತಂಕ ಇರುವವರೂ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಸಾಕ್ಷಿ ಕೂಡಿಸಿಕೊಂಡು ಬನ್ನಿ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ತಿಳಿಸದಿದ್ದರೆ 21ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಅಧೀನದಲ್ಲಿರುವವರ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ವ್ಯಾನ್ ಶಾಲೆಯದ್ದಾದರೆ ಈ ಎರಡನೆಯದು ನಿಮ್ಮ ಮುಖ್ಯ ಶಿಕ್ಷಕರಿಗೆ ನೇರವಾಗಿ ತಟ್ಟುತ್ತದೆ. ಪೋಷಕರೇ ಗೊತ್ತುಮಾಡಿಕೊಂಡ ಖಾಸಗಿ ವ್ಯಾನಾದರೂ ಮೊದಲನೆಯದು ತಪ್ಪುವುದಿಲ್ಲ. "ನಾನು ಎಚ್‌ಎಂಗೆ ಹೇಳಿದ್ದೆ" ಎಂದರೆ ನಿಮ್ಮ ಹೊಣೆಯೂ ಕಳಚುವುದಿಲ್ಲ, ಏಕೆಂದರೆ ಕಾಯ್ದೆ ಹೇಳುವುದು ಪೊಲೀಸರಿಗೆ ತಿಳಿಸಬೇಕೆಂದು. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಆಗಲಿ, ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರುವುದಿಲ್ಲ ಎಂದು ಅದೇ 19ನೇ ಕಲಮು ಹೇಳುತ್ತದೆ. ಸುಳ್ಳು ದೂರಿಗೆ ಶಿಕ್ಷೆ ಇದೆ, ನಿಜ. ಅದು ಬೇಕೆಂದೇ, ಕೇಡು ಬಗೆಯಲು ಕೊಟ್ಟ ದೂರಿಗೆ. ಅಲ್ಲಿಯೂ ಮಗುವಿಗೆ ಶಿಕ್ಷೆಯಿಲ್ಲ.

"ತೊಡೆಯ ಮೇಲೆ ಕೂರಿಸಿಕೊಂಡರೆ ಅದೂ ಒಂದು ಅಪರಾಧವೇ?" ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಉದ್ದೇಶ ಏನಿತ್ತು ಎಂಬುದನ್ನು ಅಳೆಯುವುದು ಸ್ಟಾಫ್ ರೂಮಿನ ಕೆಲಸವಲ್ಲ. ಲೈಂಗಿಕ ಉದ್ದೇಶದ ದೈಹಿಕ ಸಂಪರ್ಕವೇ 7ನೇ ಕಲಮಿನ ಅಡಿ ಅಪರಾಧ, ಬಟ್ಟೆಯ ಮೇಲಿಂದ ಆದರೂ ಅಷ್ಟೇ ಎಂದು ಸುಪ್ರೀಂ ಕೋರ್ಟ್ 2021ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಮಗು ಹನ್ನೆರಡು ವರ್ಷದೊಳಗಿದ್ದರೆ, ಇಲ್ಲವೇ ಆರೋಪಿ ಅದೇ ಶಿಕ್ಷಣ ಸಂಸ್ಥೆಯ ಸಿಬ್ಬಂದಿಯಾಗಿದ್ದರೆ ಅದು ಇನ್ನೂ ಗಂಭೀರ ಸ್ವರೂಪದ ಅಪರಾಧ ಎನಿಸಿಕೊಳ್ಳುತ್ತದೆ.

ಈಗ ಮಗುವಿನ ಹತ್ತಿರ ಬರೋಣ. ನೀವು ಕೇಳಬೇಕಾದಷ್ಟನ್ನು ಕೇಳಿಸಿಕೊಂಡಾಗಿದೆ, ಇನ್ನು ಪ್ರಶ್ನೆ ಬೇಡ. ಮುಖ್ಯ ಶಿಕ್ಷಕರ ಮುಂದೆ ಒಮ್ಮೆ, ಆಡಳಿತ ಮಂಡಳಿಯವರ ಮುಂದೆ ಒಮ್ಮೆ, ಅಮ್ಮನ ಮುಂದೆ ಒಮ್ಮೆ "ಹೇಳು, ಹೇಳು" ಎಂದು ಮಗುವಿನಿಂದ ಹೇಳಿಸಬೇಡಿ. ಎಂಟು ವರ್ಷದ ಮಗುವನ್ನು "ಎಷ್ಟು ಸಲ?" ಎಂದು ಕೇಳಿದರೆ ಇವತ್ತು ಹತ್ತು ಎನ್ನುತ್ತದೆ, ನಾಳೆ ಐದು ಎನ್ನುತ್ತದೆ. ಆ ವಯಸ್ಸಿನಲ್ಲಿ ನಡೆದದ್ದು ನೆನಪಿರುತ್ತದೆ, ಲೆಕ್ಕ ನೆನಪಿರುವುದಿಲ್ಲ. ಕೋರ್ಟಿನಲ್ಲಿ ಆ ಹತ್ತು ಮತ್ತು ಐದರ ನಡುವಿನ ಅಂತರವನ್ನೇ ಹಿಡಿದು ಎಳೆಯುತ್ತಾರೆ. "ಅಲ್ಲಿ ಮುಟ್ಟಿದನಾ?" ಎಂಬಂಥ ಪ್ರಶ್ನೆ ಇನ್ನೂ ಅಪಾಯಕಾರಿ. ಉತ್ತರವನ್ನು ನೀವೇ ಬಾಯಿಗೆ ಇಟ್ಟಂತಾಗುತ್ತದೆ, ಮಿಸ್‌ಗೆ ಏನು ಬೇಕೋ ಅದನ್ನು ಹೇಳುವುದು ಆ ವಯಸ್ಸಿನ ಮಕ್ಕಳ ಸ್ವಭಾವ. "ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂಬುದಂತೂ ಮಗುವಿನ ಕಿವಿಗೆ ಬೈಗುಳವಾಗಿಯೇ ಕೇಳುತ್ತದೆ. ಮಗು ತಾನಾಗಿ ಮುಂದುವರಿಸಿದರೆ "ಹ್ಞೂಂ, ಆಮೇಲೆ?" ಎನ್ನಿ, ಅಷ್ಟೇ. ನಾಳೆ ಅವಳು "ಸುಳ್ಳು ಹೇಳಿದ್ದೆ ಮಿಸ್" ಎಂದರೂ ಗಾಬರಿಯಾಗಬೇಡಿ. ಮನೆಯಲ್ಲಿ ಗದ್ದಲವಾದಾಗ ಮಕ್ಕಳು ಮಾತು ಹಿಂತೆಗೆದುಕೊಳ್ಳುವುದುಂಟು. ಅದನ್ನೂ ಬರೆದಿಡಿ, ವರದಿಯನ್ನು ಮಾತ್ರ ಹಿಂತೆಗೆದುಕೊಳ್ಳಬೇಡಿ.

ನೀವು "ಆಯಿತು" ಎಂದದ್ದನ್ನು ಇವತ್ತೇ ಸರಿಪಡಿಸಬೇಕು. ಪೊಲೀಸರು ಮನೆಗೆ ಬಂದಾಗ ಮಿಸ್ ಮಾತು ತಪ್ಪಿದರು ಎಂದು ಅವಳಿಗೆ ಅನ್ನಿಸಿದರೆ ಇನ್ನು ಯಾರಿಗೂ ಬಾಯಿ ಬಿಡುವುದಿಲ್ಲ. ಅವಳ ಎತ್ತರಕ್ಕೆ ಕೂತು ಹೇಳಿ: "ಯಾರಿಗೂ ಹೇಳಲ್ಲ ಅಂದೆನಲ್ಲ ಪುಟ್ಟಿ, ಹಾಗೆ ಅನ್ನಬಾರದಿತ್ತು. ಇದು ದೊಡ್ಡವರು ಸರಿಮಾಡಬೇಕಾದ ವಿಷಯ. ನಿನ್ನನ್ನು ಜೋಪಾನ ಮಾಡೋರಿಗೆ ಮಾತ್ರ ಹೇಳ್ತೀನಿ, ಕ್ಲಾಸಲ್ಲಿ ಯಾರಿಗೂ ಹೇಳಲ್ಲ. ನೀನು ಬಂದು ಹೇಳಿದ್ದು ಒಳ್ಳೇದಾಯ್ತು. ನಿಂದೇನೂ ತಪ್ಪಿಲ್ಲ." ಇದಕ್ಕಿಂತ ಹೆಚ್ಚಿನ ಭರವಸೆ ಬೇಡ. "ಅವನನ್ನು ಜೈಲಿಗೆ ಹಾಕಿಸ್ತೀನಿ" ಎಂಬುದು ನಿಮ್ಮ ಕೈಯಲ್ಲಿಲ್ಲದ ಮಾತು. ಅವನು ಅವಳಿಗೆ ಪ್ರೀತಿಯ ಮಾಮನೂ ಆಗಿದ್ದರೆ ಆ ಮಾತಿನಿಂದಲೇ ಅವಳು ಹೆದರಿಬಿಡಬಹುದು.

ಇದಾದ ಕೂಡಲೇ ಒಂದು ಹಾಳೆ ತೆಗೆದುಕೊಂಡು ಕೂತುಬಿಡಿ. ಸಂಜೆಗೆ ಮುಂದೂಡಬೇಡಿ, ನೆನಪಿನಲ್ಲಿ ಮೊದಲು ಮಾಸುವುದು ಮಗುವಿನ ಪದಗಳೇ. ಹೆಚ್ಚಿನ ಶಾಲೆಗಳಲ್ಲಿ ಬರೆಯುವುದು ಹೀಗೆ: "ವಾಹನ ಚಾಲಕನು ವಿದ್ಯಾರ್ಥಿನಿಗೆ ಲೈಂಗಿಕ ಕಿರುಕುಳ ನೀಡಿರುವುದಾಗಿ ತಿಳಿದುಬಂದಿರುತ್ತದೆ." ಇದರಲ್ಲಿ ಮಗುವೂ ಇಲ್ಲ, ಮಗುವಿನ ಮಾತೂ ಇಲ್ಲ, ಬರೆದವರ ತೀರ್ಪು ಮಾತ್ರ ಇದೆ. ಬರೆಯಬೇಕಾದ ರೀತಿ ಇದು:

"ಮಧ್ಯಾಹ್ನ 1:20. 3ನೇ ತರಗತಿಯ ಕೊಠಡಿ. ನಾವಿಬ್ಬರೇ ಇದ್ದೆವು, ಬಾಗಿಲು ತೆರೆದಿತ್ತು. ಮಗು ತಾನಾಗಿಯೇ ಬಂದು ಹೇಳಿದ್ದು: 'ಮಿಸ್, ವ್ಯಾನ್ ಮಾಮ ನನ್ನ ಮುಂದ್ಗಡೆ ತೊಡೆ ಮೇಲೆ ಕೂರಿಸ್ಕೊತಾರೆ. ನಂಗೆ ಬೇಡ.' ನಾನು ಕೇಳಿದ್ದು: 'ಇನ್ನೇನಾದ್ರೂ ಹೇಳ್ತೀಯಾ?' ಮಗು: 'ಹೇಳಿದ್ರೆ ಬೈತಾರೆ.' ಮಾತಾಡುವಾಗ ಯೂನಿಫಾರ್ಮಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಕೊನೆಗೆ: 'ಯಾರ್ಗೂ ಹೇಳ್ಬೇಡಿ ಮಿಸ್.' ನಾನು: 'ಆಯಿತು.' 1:30ಕ್ಕೆ ಮಾತು ಮುಗಿಯಿತು."

ನಿಮ್ಮ ತಪ್ಪು ಮಾತೂ ಅದರಲ್ಲಿ ಇರಲಿ. "ಹೆದರಿದ್ದಳು" ಎಂದು ಬರೆಯದೆ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು ಎಂದು ಬರೆದದ್ದನ್ನು ಗಮನಿಸಿ: ಮೊದಲನೆಯದು ನಿಮ್ಮ ಊಹೆ, ಎರಡನೆಯದು ನೀವು ಕಣ್ಣಾರೆ ಕಂಡದ್ದು. ಮಗು ದೇಹದ ಭಾಗಕ್ಕೆ ಮನೆಮಾತಿನ ಪದ ಬಳಸಿದ್ದರೆ ಅದೇ ಪದ ಇರಬೇಕು, ಗ್ರಾಂಥಿಕಕ್ಕೆ ತಿದ್ದಬೇಡಿ. ಕೈಬರಹದಲ್ಲಿ, ಶಾಯಿ ಪೆನ್ನಿನಲ್ಲೋ ಬಾಲ್ ಪೆನ್ನಿನಲ್ಲೋ ಬರೆದು ದಿನಾಂಕ, ಸಮಯ, ಸಹಿ ಹಾಕಿ. ತಿದ್ದಬೇಕಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ, ವೈಟ್ನರ್ ಹಚ್ಚಬೇಡಿ. ಚೆನ್ನಾಗಿ ಟೈಪ್ ಮಾಡಿಸಿ ಮೂಲವನ್ನು ಹರಿದು ಹಾಕುವ ಅಚ್ಚುಕಟ್ಟುತನವಂತೂ ಬೇಡ.

ಮುಖ್ಯ ಶಿಕ್ಷಕರಿಗೆ ಈ ಹಾಳೆಯ ಪ್ರತಿ ಕೊಟ್ಟು, ಇವತ್ತೇ ಠಾಣೆಗೆ ತಿಳಿಸಬೇಕೆಂದು ಒಂದು ಸಾಲು ಬರೆದು ಸ್ವೀಕೃತಿ ಪಡೆಯಿರಿ. ಅವರು ಒಪ್ಪಿದರೆ ಇಬ್ಬರೂ ಸೇರಿ ಹೋಗಿ, ಒಪ್ಪದಿದ್ದರೆ ನೀವೇ ಹೋಗಿ. ಪ್ರತಿ ಠಾಣೆಯಲ್ಲೂ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಅವರನ್ನೇ ಕೇಳಿ. ನೀವು ಕೊಟ್ಟ ಮಾಹಿತಿಯನ್ನು ಬರೆದುಕೊಂಡು, ನಮೂದು ಸಂಖ್ಯೆ ಹಾಕಿ, ನಿಮಗೆ ಓದಿ ಹೇಳಬೇಕು. ಎಫ್‌ಐಆರ್ ಪ್ರತಿ ಉಚಿತ. "ಘಟನೆ ನಡೆದ ರಸ್ತೆ ನಮ್ಮ ಠಾಣೆಗೆ ಬರಲ್ಲ" ಎಂಬ ನೆಪಕ್ಕೆ ಈಗ ಜಾಗವಿಲ್ಲ. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಬರೆದುಕೊಳ್ಳಲು ನಿರಾಕರಿಸಿದರೆ ಅದೇ ಮಾಹಿತಿಯನ್ನು ಅಂಚೆಯಲ್ಲಿ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ. ಅಪರಾಧವನ್ನು ದಾಖಲಿಸದವರಿಗೂ ಪೋಕ್ಸೊ 21ನೇ ಕಲಮು ಅನ್ವಯಿಸುತ್ತದೆ ಎಂಬುದನ್ನು ವಿನಯವಾಗಿಯೇ ನೆನಪಿಸಬಹುದು. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ, ಹಗಲು ರಾತ್ರಿ ಸಿಗುತ್ತಾರೆ. ಆದರೆ ಕರೆ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ, ಠಾಣೆಯಲ್ಲಿ ಲಿಖಿತ ದಾಖಲೆ ಇರಲಿ.

ಪೊಲೀಸರು 24 ಗಂಟೆಯೊಳಗೆ, ಮಕ್ಕಳ ರಕ್ಷಣೆಯ ತೀರ್ಮಾನ ಮಾಡುವ ಜಿಲ್ಲಾ ಮಟ್ಟದ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು. ಕುಟುಂಬದ ಜತೆ ತನಿಖೆ, ಕೋರ್ಟು ಎಂದು ಕೊನೆಯವರೆಗೂ ಓಡಾಡಲು ಸಮಿತಿ ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡಬಹುದು. ಇದನ್ನು ಪೋಷಕರಿಗೆ ಹೇಳಿ, ಎಷ್ಟೋ ಮನೆಗಳಿಗೆ ಹೀಗೊಂದು ಇದೆ ಎಂಬುದೇ ಗೊತ್ತಿರುವುದಿಲ್ಲ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರ ಇಲ್ಲದೆ ಬರೆದುಕೊಳ್ಳಬೇಕು. ತಂದೆ ತಾಯಿ ಅಥವಾ ಮಗು ನಂಬುವವರು ಪಕ್ಕದಲ್ಲಿರಬೇಕು. ಶಾಲೆಯ ಗೇಟಿನ ಮುಂದೆ ಪೊಲೀಸ್ ಜೀಪು ನಿಲ್ಲುವ ಸೂಚನೆ ಕಂಡರೆ ಮೊದಲೇ ಫೋನ್ ಮಾಡಿ, ಸಮವಸ್ತ್ರ ಇಲ್ಲದೆ ಬರಬೇಕೆನ್ನುವ ಪೋಕ್ಸೊ 24ನೇ ಕಲಮನ್ನು ನೆನಪಿಸಿ.

ಪೋಷಕರಿಗೆ ಹೇಳಬೇಕು, ಆದರೆ ಅನುಮತಿ ಕೇಳುವ ಧಾಟಿಯಲ್ಲಿ ಅಲ್ಲ. "ದೂರು ಕೊಡೋಣವಾ?" ಎಂದು ಕೇಳಿದರೆ "ಬೇಡ ಮೇಡಂ, ಹೆಣ್ಣುಮಗು, ನಾಳೆ ಜನ ಏನಂತಾರೆ" ಎಂಬ ಉತ್ತರ ಬರಬಹುದು. ಆಮೇಲೆ ನೀವು ಅವರ ಮಾತು ಮೀರಿದಂತಾಗುತ್ತದೆ. "ಕಾನೂನಿನ ಪ್ರಕಾರ ನಾವು ಠಾಣೆಗೆ ತಿಳಿಸಲೇಬೇಕು, ತಿಳಿಸಿದ್ದೇವೆ. ಮಗುವಿನ ಹೆಸರು ಹೊರಗೆ ಬರುವುದಿಲ್ಲ. ಮನೆಯಲ್ಲಿ ಅವಳನ್ನು ಮತ್ತೆ ಮತ್ತೆ ಕೇಳಬೇಡಿ, ಬೈಯಬೇಡಿ" ಎನ್ನಿ. ಆರೋಪ ಮನೆಯವರ ಮೇಲೇ ಇದ್ದಿದ್ದರೆ ಈ ಕ್ರಮ ತಲೆಕೆಳಗಾಗುತ್ತಿತ್ತು. ಆಗ ಮನೆಗೆ ಹೇಳುವ ಮೊದಲು ಪೊಲೀಸರ ಮತ್ತು ಮಕ್ಕಳ ಕಲ್ಯಾಣ ಸಮಿತಿಯ ಜತೆ ಮಾತಾಡಬೇಕು, ಮಗುವನ್ನು ಸಂಜೆ ಅದೇ ಮನೆಗೆ ಕಳಿಸಬಹುದೇ ಎಂಬುದನ್ನು ಅವರು ಹೇಳಬೇಕು. ಇನ್ನು ಊರ ಹಿರಿಯರ ರಾಜಿ. ರಾಜಸ್ಥಾನದ ಶಿಕ್ಷಕನೊಬ್ಬನ ಪ್ರಕರಣದಲ್ಲಿ ಮಗುವಿನ ತಂದೆಯೊಂದಿಗೆ ರಾಜಿಯಾಯಿತೆಂದು ಹೈಕೋರ್ಟ್ ಎಫ್‌ಐಆರ್ ರದ್ದು ಮಾಡಿತ್ತು. ಸುಪ್ರೀಂ ಕೋರ್ಟ್ 2024ರ ನವೆಂಬರ್ 7ರಂದು ಆ ಆದೇಶವನ್ನೇ ಬದಿಗೊತ್ತಿತು.

ವೈದ್ಯಕೀಯ ವಿಚಾರ, ಚಿಕ್ಕದಾಗಿ. ಮಗು ನೋವು, ರಕ್ತ, ಬಟ್ಟೆಯೊಳಗಿನ ಸ್ಪರ್ಶ ಎಂದೇನಾದರೂ ಹೇಳಿದರೆ ಆಸ್ಪತ್ರೆಗೆ ಹೋಗುವುದನ್ನು ನಾಳೆಗೆ ಇಡಬೇಡಿ. ದೇಹದೊಳಗಿನ ಕುರುಹು ಸಂಗ್ರಹಿಸುವುದು ಸಾಮಾನ್ಯವಾಗಿ 96 ಗಂಟೆಯವರೆಗೆ, ಮೊದಲ 72 ಗಂಟೆಯಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಅದನ್ನೂ 72 ಗಂಟೆಯೊಳಗೇ ಶುರು ಮಾಡಬೇಕು. ಸ್ನಾನ ಮಾಡಿಸಬೇಡಿ. ಬದಲಾಯಿಸಿದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿಡಿ, ಪ್ಲಾಸ್ಟಿಕ್‌ನಲ್ಲಿ ತೇವ ನಿಂತು ಕುರುಹು ಕೆಡುತ್ತದೆ. ತುರ್ತು ಚಿಕಿತ್ಸೆಗೆ ಆಸ್ಪತ್ರೆ ಮೊದಲು ಎಫ್‌ಐಆರ್ ತನ್ನಿ ಎನ್ನುವಂತಿಲ್ಲ. ಹೆಣ್ಣುಮಗುವಿನ ಪರೀಕ್ಷೆಯನ್ನು ಮಹಿಳಾ ವೈದ್ಯರೇ ಮಾಡಬೇಕು. ಶಾಲೆಯಲ್ಲಿ ಯಾರೂ, ಹಿರಿಯ ಶಿಕ್ಷಕಿಯೂ, ಬಟ್ಟೆ ಸರಿಸಿ ನೋಡುವ ಕೆಲಸ ಮಾಡಬಾರದು.

ಸ್ಟಾಫ್ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈ ಬಗ್ಗೆ ಒಂದಕ್ಷರವೂ ಬರಬಾರದು. "ಮೂರನೇ ತರಗತಿಯ ಹುಡುಗಿ, ವ್ಯಾನಿನಲ್ಲಿ ಬರುವವಳು" ಎಂದರೆ ಹೆಸರು ಹೇಳಿದಂತೆಯೇ. ಶಾಲೆಯ ಹೆಸರೂ ಸೇರಿದಂತೆ ಮಗುವಿನ ಗುರುತು ಹೇಳುವ ಯಾವುದನ್ನೂ ಮಾಧ್ಯಮಗಳು ಪ್ರಕಟಿಸದಂತೆ ಪೋಕ್ಸೊ 23ನೇ ಕಲಮಿನ ನಿರ್ಬಂಧವಿದೆ. ವ್ಯಾನಿನ ಉಳಿದ ಮಕ್ಕಳನ್ನು ಸಾಲಾಗಿ ಕರೆದು "ನಿನಗೂ ಹೀಗಾಯಿತಾ?" ಎಂದು ಕೇಳುವುದೂ ಬೇಡ. ಯಾರು ಯಾರು ಆ ವ್ಯಾನಿನಲ್ಲಿ ಬರುತ್ತಾರೆ, ಯಾರು ಮೊದಲು ಹತ್ತುತ್ತಾರೆ, ಯಾರು ಕೊನೆಗೆ ಇಳಿಯುತ್ತಾರೆ ಎಂಬ ಪಟ್ಟಿಯನ್ನು ತನಿಖಾಧಿಕಾರಿಗೆ ಕೊಡಿ. ಮತ್ತೊಂದು ಮಾತು: ಕೆಲವು ಶಾಲೆಗಳು ಇದನ್ನು ಮಹಿಳಾ ಸಿಬ್ಬಂದಿಗಾಗಿ ಇರುವ ಆಂತರಿಕ ದೂರು ಸಮಿತಿಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತವೆ. ಪೊಲೀಸ್ ವರದಿಗೆ ಅದು ಬದಲಿಯಲ್ಲ.

ಇನ್ನು, ಶಾಲೆಯಲ್ಲಿ ಏನೇನು ಇರಬೇಕು ಎಂಬ ಪ್ರಶ್ನೆ. ಸಿಸಿಟಿವಿಯಿಂದ ಶುರು ಮಾಡುವವರೇ ಹೆಚ್ಚು, ನಾವು ಅದನ್ನು ಕೊನೆಗಿಡುತ್ತೇವೆ. ಕ್ಯಾಮೆರಾ ನೋಡುವುದು ಗೇಟು ಮತ್ತು ಕಾರಿಡಾರು. ತೊಂದರೆಯಾಗುವುದು ವ್ಯಾನಿನಲ್ಲಿ, ಕ್ರೀಡಾ ಸಾಮಗ್ರಿ ಇಡುವ ಕೋಣೆಯಲ್ಲಿ, ಶೌಚಾಲಯದ ದಾರಿಯಲ್ಲಿ, ಎಲ್ಲರೂ ಮನೆಗೆ ಹೋದ ಮೇಲಿನ ಅರ್ಧ ಗಂಟೆಯಲ್ಲಿ. ಒಂದು ದಿನ ಮಗುವಿನ ಹಾದಿಯನ್ನೇ ಹಿಡಿದು ನಡೆದು ನೋಡಿ: ಮನೆಯ ಮುಂದೆ ವ್ಯಾನ್ ಹತ್ತಿದಲ್ಲಿಂದ ಸಂಜೆ ಇಳಿಯುವವರೆಗೆ, ಎಲ್ಲೆಲ್ಲಿ ಒಬ್ಬ ದೊಡ್ಡವರ ಜತೆ ಒಂಟಿಯಾಗಿ, ಬೇರೆಯವರ ಕಣ್ಣಿಗೆ ಬೀಳದೆ ಇರುತ್ತದೆ? ಆ ಜಾಗಗಳೇ ನಿಮ್ಮ ಪಟ್ಟಿ. ವ್ಯಾನಿನ ಮಟ್ಟಿಗೆ ಮೊದಲ ಮಗು ಹತ್ತುವ ಮೊದಲೇ ಹತ್ತಿ, ಕೊನೆಯ ಮಗು ಇಳಿದ ಮೇಲೆ ಇಳಿಯುವ ಮಹಿಳಾ ಸಹಾಯಕಿ ಬೇಕು. ಅರ್ಧ ದಾರಿಯಲ್ಲಿ ತನ್ನ ಮನೆಯ ಹತ್ತಿರ ಇಳಿದುಕೊಳ್ಳುವ ಸಹಾಯಕಿ ಇದ್ದೂ ಇಲ್ಲದಂತೆ, ಅಪಾಯ ಇರುವುದೇ ಕೊನೆಯ ಮಗುವಿನ ಆ ಹತ್ತು ನಿಮಿಷದಲ್ಲಿ. ಚಾಲಕನ ಪಕ್ಕದಲ್ಲಿ ಮಕ್ಕಳು ಕೂರಬಾರದು, ಇದಕ್ಕೆ ವಿನಾಯಿತಿ ಬೇಡ.

2020ರ ಪೋಕ್ಸೊ ನಿಯಮಗಳ ಪ್ರಕಾರ ಮಕ್ಕಳ ಸಂಪರ್ಕಕ್ಕೆ ಬರುವ ಎಲ್ಲ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಬೇಕು. ಬೋಧಕರು, ಬೋಧಕೇತರರು, ಕಾಯಂ, ಗುತ್ತಿಗೆ ಎಂಬ ಭೇದವಿಲ್ಲ. ಒಂದು ಸಲವಲ್ಲ, ಆಗಾಗ. ಎಡವುವುದು ಬದಲಿ ಚಾಲಕನ ವಿಷಯದಲ್ಲಿ: ಕಾಯಂ ಚಾಲಕ ರಜೆ ಹಾಕಿ ತಮ್ಮನನ್ನು ಕಳಿಸಿದ ದಿನ ಕಡತದಲ್ಲಿರುವುದು ಒಬ್ಬ, ಸ್ಟಿಯರಿಂಗ್ ಹಿಡಿದಿರುವುದು ಇನ್ನೊಬ್ಬ. ಪರಿಶೀಲನೆಯಲ್ಲಿ ಏನೂ ಸಿಗದಿದ್ದರೆ ಹಿಂದೆ ಸಿಕ್ಕಿಬಿದ್ದಿಲ್ಲ ಎಂದಷ್ಟೇ ಅರ್ಥ. ಹಿಂದಿನ ಕೆಲಸದ ಜಾಗಕ್ಕೆ ಫೋನ್ ಮಾಡಿ "ಮತ್ತೆ ಇವರನ್ನೇ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ?" ಎಂದು ಕೇಳಿ. ಆ ಕಡೆಯವರು ತಡವರಿಸಿದರೆ ಅಲ್ಲಿಗೇ ನಿಲ್ಲಿಸದೆ ಇನ್ನಷ್ಟು ವಿಚಾರಿಸಿ.

ದೂರು ಪೆಟ್ಟಿಗೆ ಮುಖ್ಯ ಶಿಕ್ಷಕರ ಕೊಠಡಿಯ ಎದುರಿಗಿದ್ದರೆ ಅದರಲ್ಲಿ ಬೀಳುವುದು ಚಾಕೊಲೇಟ್ ಕಾಗದ ಮಾತ್ರ. ಎಲ್ಲರೂ ಓಡಾಡುವ, ಯಾರೂ ಕಾಯದ ಜಾಗದಲ್ಲಿ, ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಹಾಕಿ. ವಾರಕ್ಕೊಮ್ಮೆ ಇಬ್ಬರು ಸೇರಿ ತೆರೆದು, ಖಾಲಿ ಇದ್ದರೂ ಪುಸ್ತಕದಲ್ಲಿ ಬರೆಯಬೇಕು. ಒಂದು, ಎರಡನೇ ತರಗತಿಯ ಮಕ್ಕಳಿಗೆ ಬರೆಯಲು ಬರುವುದಿಲ್ಲ, ಅವರಿಗೆ ಪೆಟ್ಟಿಗೆಯಿಂದ ಉಪಯೋಗವಿಲ್ಲ. ಆ ಮಕ್ಕಳಿಗೆ ಬೇಕಾದ್ದು "ನಿನಗೆ ಬೇಜಾರಾದರೆ ಶಾಲೆಯಲ್ಲಿ ಯಾರಿಗೆ ಹೇಳ್ತೀಯ?" ಎಂಬ ಪ್ರಶ್ನೆಗೆ ಸ್ವಂತ ಉತ್ತರ. ತಿಂಗಳಿಗೊಮ್ಮೆ ಕೇಳಿ. ಉತ್ತರವಿಲ್ಲದ ಮಗುವಿನ ಕಡೆ ಗಮನ ಹೆಚ್ಚಲಿ.

"ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ" ಎಂದು ಕಲಿಸುವುದರಲ್ಲಿ ಒಂದು ತೊಡಕಿದೆ. ಕಚಗುಳಿಯಿಂದ, ಆಟದಿಂದ ಶುರುವಾಗುವ ಸ್ಪರ್ಶ ಮಗುವಿಗೆ ಕೆಟ್ಟದ್ದೆನಿಸುವುದಿಲ್ಲ. ಡಾಕ್ಟರ ಸೂಜಿಯ ಸ್ಪರ್ಶ ಕೆಟ್ಟದ್ದೆನಿಸುತ್ತದೆ. ಸುರಕ್ಷಿತ, ಅಸುರಕ್ಷಿತ ಎಂಬ ಪದಗಳು ಮೇಲು. ಅದಕ್ಕಿಂತ ಮುಖ್ಯವಾದದ್ದು ಗುಟ್ಟಿನ ಪಾಠ: ಹುಟ್ಟುಹಬ್ಬದ ಉಡುಗೊರೆಯ ಗುಟ್ಟು ಒಂದು ದಿನ ಎಲ್ಲರಿಗೂ ಹೇಳುವಂಥದ್ದು, "ಯಾವತ್ತೂ ಯಾರಿಗೂ ಹೇಳಬೇಡ" ಎನ್ನುವ ಗುಟ್ಟನ್ನು ಕೂಡಲೇ ಹೇಳಬೇಕು.

ಹೊಡೆತದ ಗುರುತುಗಳ ಬಗ್ಗೆಯೂ ಒಂದು ಮಾತು, ಏಕೆಂದರೆ ಶಿಕ್ಷಕರ ಕಣ್ಣಿಗೆ ಮೊದಲು ಬೀಳುವುದು ಅದು. ಆಡುವ ಮಕ್ಕಳಿಗೆ ಮೊಣಕಾಲು, ಮೊಣಕೈ, ಹಣೆ, ಕಾಲಿನ ಮುಂಭಾಗ ತರಚುತ್ತದೆ. ಕಿವಿ, ಕುತ್ತಿಗೆ, ಬೆನ್ನು, ತೊಡೆಯ ಒಳಭಾಗದ ಕಂದು ಗುರುತು, ಪಟ್ಟಿಯ ಆಕಾರದ ಬಾಸುಂಡೆ ಸಾಮಾನ್ಯವಾಗಿ ಬಿದ್ದು ಆಗುವಂಥದ್ದಲ್ಲ. ಎಲ್ಲಿ, ಎಷ್ಟು ದೊಡ್ಡದು, ಯಾವ ಬಣ್ಣ ಎಂದು ಬರೆಯಿರಿ, ಮೊಬೈಲಿನಲ್ಲಿ ಫೋಟೊ ತೆಗೆಯಬೇಡಿ. ಬೆತ್ತ ಶಿಕ್ಷಕರ ಕೈಯಲ್ಲೇ ಇದ್ದರೆ ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾನೂನು ಪಕ್ಕಕ್ಕಿರಲಿ, ಹೊಡೆಯುವ ಮಿಸ್ ಹತ್ತಿರ ಯಾವ ಮಗುವೂ ವ್ಯಾನ್ ಮಾಮನ ವಿಷಯ ತರುವುದಿಲ್ಲ.

ಕೊನೆಯದಾಗಿ, ಆ ಕೈಬರಹದ ಹಾಳೆಯ ಮೂಲವನ್ನು ತನಿಖಾಧಿಕಾರಿ ಕೇಳಿದರೆ ಸ್ವೀಕೃತಿ ಪಡೆದು ಕೊಡಿ, ಪ್ರತಿಯನ್ನು ಬೀಗ ಹಾಕಿದ ಕಪಾಟಿನಲ್ಲಿಡಿ. ವಿಚಾರಣೆ ಆದಷ್ಟೂ ಒಂದು ವರ್ಷದೊಳಗೆ ಮುಗಿಯಬೇಕೆಂದು ಕಾಯ್ದೆ ಹೇಳಿದರೂ ಸಮನ್ಸ್ ಬರುವಾಗ ನೀವು ಬೇರೆ ಶಾಲೆಯಲ್ಲಿರಬಹುದು. ಸಾಕ್ಷಿಕಟ್ಟೆಯಲ್ಲಿ ನಿಮ್ಮನ್ನು ಕೇಳುವುದು ಮಗು ಏನು ಹೇಳಿತು, ಯಾವಾಗ ಹೇಳಿತು, ನೀವು ಏನು ಕೇಳಿದಿರಿ ಎಂದು. ಆ ಮೂರಕ್ಕೂ ಉತ್ತರ ಇವತ್ತು ಮಧ್ಯಾಹ್ನ ಬರೆಯುವ ಹಾಳೆಯಲ್ಲಿರಲಿ.